ಲೆನ್ಸಿನ ಬಾಯಗಲ ಮತ್ತು ಚಿಕ್ಕ ಸೆನ್ಸರುಗಳ ನಾಳೆ

ಬೆಂಗಳೂರಿನಲ್ಲಿ ಹೊಸ ಕ್ಯಾಮೆರಾ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು ಒಂದೇ ಪ್ರಶ್ನೆ: ಫುಲ್ ಫ್ರೇಮ್ ತಗೊಳ್ಳೋದಾ, ಕ್ರಾಪ್ ಸಾಕಾ? ಫುಲ್ ಫ್ರೇಮ್ ಅಂದರೆ ಹಳೆಯ 35 ಎಂಎಂ ಫಿಲ್ಮಿನ ಅಳತೆಯ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಚಿಪ್), ಕ್ರಾಪ್ ಅಂದರೆ ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ. ಇನ್ನೂ ಚಿಕ್ಕ ಸೆನ್ಸರಿನ ಮೈಕ್ರೋ ಫೋರ್ ಥರ್ಡ್ಸ್ ಹೆಸರು ಈ ಮಾತುಕತೆಯಲ್ಲಿ ಬರುವುದೇ ಅಪರೂಪ. ಯಾರಾದರೂ ಕೇಳಿದರೆ "ಅದು ಮುಗೀತು ಸಾರ್, ಅದಕ್ಕೆ ದುಡ್ಡು ಹಾಕಬೇಡಿ" ಎನ್ನುವ ಉತ್ತರ ಸಿಗುತ್ತದೆ.

ಹಾಗೆ ಹೇಳಲು ಕಾರಣಗಳು ಇವೆ. ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾಗಳ ಮುಖ್ಯ ತಯಾರಕರು ಪ್ಯಾನಸಾನಿಕ್ ಮತ್ತು ಒಲಿಂಪಸ್. 2018ರಲ್ಲಿ ಪ್ಯಾನಸಾನಿಕ್, ಲೈಕಾ ಮತ್ತು ಸಿಗ್ಮಾ ಜೊತೆ ಕೂಡಿ ಫುಲ್ ಫ್ರೇಮಿನ ಎಲ್-ಮೌಂಟಿಗೆ ಇಳಿಯಿತು (ಮೌಂಟ್ ಅಂದರೆ ಲೆನ್ಸ್ ಕ್ಯಾಮೆರಾ ಬಾಡಿಗೆ ಕೂರುವ ಜೋಡಣೆ). 2020ರ ಜೂನಿನಲ್ಲಿ ಒಲಿಂಪಸ್ ತನ್ನ ಕ್ಯಾಮೆರಾ ವಿಭಾಗವನ್ನು ಬಿಟ್ಟುಕೊಡುವುದಾಗಿ ಪ್ರಕಟಿಸಿತು. 2021ರ ಜನವರಿಯಿಂದ ಅದು ಒಎಂ ಡಿಜಿಟಲ್ ಸೊಲ್ಯೂಷನ್ಸ್ ಎಂಬ ಬೇರೆ ಕಂಪನಿ. ಒಂದಿಂಚು ಎಂದು ಕರೆಯುವ ಇನ್ನೂ ಚಿಕ್ಕ ಸೆನ್ಸರಿನ ನಿಕಾನ್ 1 ಸರಣಿ 2011ರಲ್ಲಿ ಬಂದು 2018ರಲ್ಲಿ ನಿಂತಿತು. ಕ್ಯಾನನ್ನಿನ ಇಒಎಸ್ ಎಂ 2012ರಿಂದ 2023ರವರೆಗೆ ಬಾಳಿತು. 2014ರಲ್ಲಿ ಎನ್‌ಎಕ್ಸ್1 ಎಂಬ ಒಳ್ಳೆಯ ಬಾಡಿ ತಂದ ಸ್ಯಾಮ್‌ಸಂಗ್ ಕೆಲವೇ ವರ್ಷಗಳಲ್ಲಿ ಕ್ಯಾಮೆರಾ ವ್ಯಾಪಾರವನ್ನೇ ಬಿಟ್ಟಿತು. ಒಟ್ಟಿಗೆ ನೋಡಿದರೆ ಎಲ್ಲಕ್ಕೂ ಸೆನ್ಸರ್ ಚಿಕ್ಕದಾದದ್ದೇ ಕಾರಣ ಅನಿಸುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಹಾಗಲ್ಲ. ಇಒಎಸ್ ಎಂ ಜಾಗಕ್ಕೆ ಕ್ಯಾನನ್ 2022ರಲ್ಲಿ ತಂದ ಆರ್7 ಮತ್ತು ಆರ್10 ಬಾಡಿಗಳಲ್ಲೂ ಅದೇ ಎಪಿಎಸ್-ಸಿ ಅಳತೆಯ ಸೆನ್ಸರೇ ಇದೆ. ಅಲ್ಲಿ ಹೋದದ್ದು ಮೌಂಟ್. ಸೆನ್ಸರಿನ ಅಳತೆಯಿಂದ ಸೋತದ್ದು ಎಂದು ಹೇಳಬಹುದಾದರೆ ಅದು ನಿಕಾನ್ 1 ಒಂದನ್ನೇ. ಅದರ ಸೋಲನ್ನು ಲೆಕ್ಕ ಹಾಕಿ ತೋರಿಸಬಹುದು. ಆ ಲೆಕ್ಕ ಕೈವಶವಾದರೆ ಉಳಿದ ವ್ಯವಸ್ಥೆಗಳಲ್ಲಿ ಯಾವುದಕ್ಕೆ ನಾಳೆ ಇದೆ, ಯಾವುದಕ್ಕೆ ಇಲ್ಲ ಎಂಬುದೂ ಬಹುಪಾಲು ಕಾಣುತ್ತದೆ.

ಲೆಕ್ಕ ಇಷ್ಟೇ. ಲೆನ್ಸಿನ ಫೋಕಲ್ ಲೆಂತನ್ನು (ಲೆನ್ಸಿನ ಹೆಸರಿನಲ್ಲಿರುವ ಎಂಎಂ ಅಂಕಿ) ಎಫ್ ಸಂಖ್ಯೆಯಿಂದ ಭಾಗಿಸಿ. ಬರುವ ಅಂಕಿ ಲೆನ್ಸಿನೊಳಗೆ ಬೆಳಕು ನುಗ್ಗುವ ಬಾಯಿಯ ಅಗಲ, ಎಂಎಂ ಲೆಕ್ಕದಲ್ಲಿ. 50 ಎಂಎಂ ಎಫ್/2 ಅಂದರೆ 25 ಎಂಎಂ. ಒಂದೇ ಜಾಗದಲ್ಲಿ ನಿಂತು, ಒಂದೇ ನೋಟದ ಅಗಲದಲ್ಲಿ, ಒಂದೇ ಶಟರ್ ಸ್ಪೀಡಿನಲ್ಲಿ ಎರಡು ಕ್ಯಾಮೆರಾಗಳಿಂದ ಒಂದೇ ಹಕ್ಕಿಯನ್ನು ತೆಗೆದರೆ, ಬಾಯಗಲ ಸಮ ಇರುವ ಲೆನ್ಸುಗಳು ಆ ಹಕ್ಕಿಯಿಂದ ಸಮ ಬೆಳಕನ್ನೇ ತರುತ್ತವೆ. ಹಿಂದೆ ಕೂತ ಸೆನ್ಸರ್ 36×24 ಎಂಎಂ ಇರಲಿ, 23.5×15.6 ಇರಲಿ, 17.3×13 ಇರಲಿ. ಡೆಪ್ತ್ ಆಫ್ ಫೀಲ್ಡ್ (ಚಿತ್ರದಲ್ಲಿ ಚೂಪಾಗಿ ಕಾಣುವ ಆಳ) ಕೂಡ ಸಮ. ನಾಯ್ಸ್ (ಬೆಳಕು ಕಡಿಮೆಯಾದಾಗ ಚಿತ್ರದಲ್ಲಿ ಕಾಣುವ ಕಾಳುಕಾಳು) ಕೂಡ, ಸೆನ್ಸರುಗಳು ಒಂದೇ ಕಾಲದವಾದರೆ, ಹೆಚ್ಚುಕಡಿಮೆ ಸಮ. "ಎಫ್/2.8 ಎಲ್ಲಿದ್ದರೂ ಎಫ್/2.8" ಎನ್ನುವವರೂ "ಮೈಕ್ರೋ ಫೋರ್ ಥರ್ಡ್ಸಿನ ಎಫ್/2.8 ಅಂದರೆ ಎಫ್/5.6" ಎನ್ನುವವರೂ ವರ್ಷಗಟ್ಟಲೆ ಜಗಳಾಡಿದ್ದಾರೆ. ಮೊದಲನೆಯವರು ಎಕ್ಸ್‌ಪೋಷರ್ ಬಗ್ಗೆ, ಅಂದರೆ ಸೆನ್ಸರಿನ ಪ್ರತಿ ಚದರ ಎಂಎಂಗೆ ಬೀಳುವ ಬೆಳಕಿನ ಬಗ್ಗೆ ಹೇಳುತ್ತಿದ್ದಾರೆ, ಎರಡನೆಯವರು ಇಡೀ ಸೆನ್ಸರಿಗೆ ಬೀಳುವ ಒಟ್ಟು ಬೆಳಕಿನ ಬಗ್ಗೆ. ಇಬ್ಬರದೂ ಸರಿ. ಬಾಯಗಲ ಅಳೆದರೆ ಜಗಳವೇ ಬೇಕಿಲ್ಲ.

ನಿಕಾನ್ 1ರ 10-30 ಎಂಎಂ ಎಫ್/3.5-5.6 ಕಿಟ್ ಲೆನ್ಸಿನ ಬಾಯಿ ಅಗಲದ ತುದಿಯಲ್ಲಿ 2.9 ಎಂಎಂ. 2023ರಲ್ಲಿ ಭಾರತಕ್ಕೆ ಬಂದ ಶಿಯೋಮಿ 13 ಪ್ರೊ ಫೋನಿನಲ್ಲಿ ಅದೇ ಒಂದಿಂಚು ವರ್ಗದ ಸೆನ್ಸರ್ ಇದೆ, ಅದರ ಎಫ್/1.9 ಮುಖ್ಯ ಲೆನ್ಸಿನ ಬಾಯಿ ಸುಮಾರು 4.5 ಎಂಎಂ. ಜೇಬಿನಲ್ಲಿ ಕೂರುವ ಫೋನೇ ಹೆಚ್ಚು ಬೆಳಕು ತರುತ್ತದೆ ಎಂದ ಮೇಲೆ ಆ ವರ್ಗದಲ್ಲಿ ಲೆನ್ಸ್ ಬದಲಿಸುವ ಕ್ಯಾಮೆರಾಕ್ಕೆ ಏನು ಉಳಿಯಿತು? ಫೋನು ತಲುಪಲಾಗದ ಬಾಯಗಲದ ಲೆನ್ಸುಗಳನ್ನು ಕೊಡುವ ವ್ಯವಸ್ಥೆಗಳು ಮಾತ್ರ ಉಳಿಯಬಲ್ಲವು, ಅದೂ ಫುಲ್ ಫ್ರೇಮಿಗಿಂತ ಕಡಿಮೆ ತೂಕದಲ್ಲಿ ಅಥವಾ ಕಡಿಮೆ ಹಣದಲ್ಲಿ ಕೊಟ್ಟರೆ.

ಈ ಕಣ್ಣಿನಿಂದ ಮೊದಲು ಸಾಮಾನ್ಯ ಲೆನ್ಸುಗಳನ್ನು ನೋಡೋಣ, ಏಕೆಂದರೆ ಚಿಕ್ಕ ಸೆನ್ಸರಿನ ಅಭಿಮಾನಿಗಳು ಒಪ್ಪಲು ಕಷ್ಟಪಡುವ ಸತ್ಯ ಇಲ್ಲಿದೆ. ಸೆನ್ಸರ್ ಚಿಕ್ಕದಾದಷ್ಟೂ ಅದೇ ನೋಟಕ್ಕೆ ಕಡಿಮೆ ಫೋಕಲ್ ಲೆಂತ್ ಸಾಕು: ಮೈಕ್ರೋ ಫೋರ್ ಥರ್ಡ್ಸಿನಲ್ಲಿ ಫುಲ್ ಫ್ರೇಮಿನ ಅರ್ಧ, ಎಪಿಎಸ್-ಸಿಯಲ್ಲಿ ಸುಮಾರು ಮೂರನೇ ಎರಡರಷ್ಟು. ಪ್ಯಾನಸಾನಿಕ್ 25 ಎಂಎಂ ಎಫ್/1.7 ಲೆನ್ಸ್ 125 ಗ್ರಾಂ, ಬಾಯಗಲ 15 ಎಂಎಂಗೆ ಸ್ವಲ್ಪ ಕಡಿಮೆ. ಅದೇ ನೋಟ ಕೊಡುವ ಕ್ಯಾನನ್ ಆರ್‌ಎಫ್ 50 ಎಂಎಂ ಎಫ್/1.8 ಫುಲ್ ಫ್ರೇಮ್ ಲೆನ್ಸ್ 160 ಗ್ರಾಂ, ಬಾಯಗಲ 28 ಎಂಎಂ ಹತ್ತಿರ. 35 ಗ್ರಾಂ ಹೆಚ್ಚು ಹೊತ್ತರೆ ಮೂರೂವರೆ ಪಟ್ಟು ಬೆಳಕು. ಬಾಡಿಯ ತೂಕದಲ್ಲಿ ಉಳಿಯುತ್ತದಲ್ಲ ಅನ್ನೋಣವೆಂದರೆ ಅದೂ ಈಗ ಇಲ್ಲ. ಸೋನಿ ಎ7ಸಿ 2020ರಲ್ಲೇ 509 ಗ್ರಾಮಿಗೆ ಬಂತು, ಕ್ಯಾನನ್ ಆರ್8 2023ರಲ್ಲಿ 461 ಗ್ರಾಂ. ಒಎಂನ ಮೈಕ್ರೋ ಫೋರ್ ಥರ್ಡ್ಸ್ ಬಾಡಿ ಒಎಂ-1 ತೂಗುವುದು 599 ಗ್ರಾಂ. ಪ್ಯಾನಸಾನಿಕ್ 2023ರಲ್ಲಿ ತಂದ ಜಿ9 ಮಾರ್ಕ್ 2 ಅಂತೂ ಅದೇ ಕಂಪನಿಯ ಫುಲ್ ಫ್ರೇಮ್ ಎಸ್5 ಮಾರ್ಕ್ 2ರ ಮೈಕಟ್ಟನ್ನೇ ತೊಟ್ಟು ಬಂದಿದೆ. ಪಕ್ಕಪಕ್ಕ ಇಟ್ಟರೆ ಗುರುತಿಸಲು ಮೌಂಟ್ ನೋಡಬೇಕು. ಆರ್8ರಲ್ಲಿ ಸೆನ್ಸರ್ ಸ್ಟೆಬಿಲೈಸೇಷನ್ (ಕೈ ನಡುಕವನ್ನು ಸೆನ್ಸರ್ ಅಲುಗಿಸಿ ಸರಿದೂಗಿಸುವ ಏರ್ಪಾಡು) ಇಲ್ಲ ಎಂಬುದು ನಿಜ. ಆದರೂ ಮದುವೆ ಛತ್ರ, ಹುಟ್ಟುಹಬ್ಬ, ಬೀದಿಯ ಚಿತ್ರ ಇಷ್ಟೇ ಮುಖ್ಯ ಎನ್ನುವವರು ಚಿಕ್ಕ ಸೆನ್ಸರಿಗೆ ಹೋಗಬೇಕಾದ ಕಾರಣ ಬೆಳಕಿನ ಲೆಕ್ಕದಲ್ಲಿ ಇಲ್ಲ.

ನಡುವಿನ ಟೆಲಿಯಲ್ಲಿ, ಅಂದರೆ ದೂರದ್ದನ್ನು ಒಂದಷ್ಟು ಹತ್ತಿರ ತರುವ ಲೆನ್ಸುಗಳಲ್ಲಿ, ತಕ್ಕಡಿ ನಿಧಾನವಾಗಿ ಸಮಕ್ಕೆ ಬರುತ್ತದೆ. ಸಿಗ್ಮಾದ 56 ಎಂಎಂ ಎಫ್/1.4 ಎಪಿಎಸ್-ಸಿ ಲೆನ್ಸ್ 280 ಗ್ರಾಂ, ಬಾಯಗಲ 40 ಎಂಎಂ. ಅದೇ ನೋಟದ ಸೋನಿ 85 ಎಂಎಂ ಎಫ್/1.8 ಫುಲ್ ಫ್ರೇಮಿಗೆ 371 ಗ್ರಾಂ, 47 ಎಂಎಂ. ರಂಗಶಂಕರದಲ್ಲಿ ನಾಲ್ಕನೇ ಸಾಲಿನಲ್ಲಿ ಕೂತು ನಟರ ಮುಖ ತೆಗೆಯಲು ಈ ವ್ಯತ್ಯಾಸ ಅರ್ಧ ಸ್ಟಾಪಿಗೂ ಕಡಿಮೆ (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ). ರವೀಂದ್ರ ಕಲಾಕ್ಷೇತ್ರದ ಹಿಂದಿನ ಸಾಲುಗಳಿಂದ ಯಕ್ಷಗಾನ ತೆಗೆಯುವವರಿಗೆ ಒಎಂನ 40-150 ಎಂಎಂ ಎಫ್/2.8 ಹೆಚ್ಚು ಅನುಕೂಲ: 760 ಗ್ರಾಂ, ತುದಿಯಲ್ಲಿ 54 ಎಂಎಂ ಬಾಯಿ, ಫುಲ್ ಫ್ರೇಮಿನ 300 ಎಂಎಂ ನೋಟ. ಸೋನಿಯ ಹೊಸ 70-200 ಎಂಎಂ ಎಫ್/4 ಹೆಚ್ಚುಕಡಿಮೆ ಅಷ್ಟೇ ತೂಕ, ಬಾಯಿ 50 ಎಂಎಂ, ಆದರೆ ನೋಟ 200ಕ್ಕೇ ನಿಲ್ಲುತ್ತದೆ. ವೇಷದ ಕುಣಿತಕ್ಕೆ ಶಟರ್ 1/250ಕ್ಕಿಂತ ಕೆಳಗಿಳಿಸಬೇಡಿ, ಚಕ್ರ ಹಾಕುವಾಗ 1/500 ಬೇಕು. ಅಲ್ಲಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಾಕಿದವರ ಚಿತ್ರದಲ್ಲಿ ಅಡ್ಡಪಟ್ಟಿಗಳು ಬಂದರೆ ದೋಷ ಲೆನ್ಸಿನದಲ್ಲ, ದೀಪದ್ದು. ನಮ್ಮ ಕರೆಂಟು 50 ಹರ್ಟ್ಜ್. ಹಳೆಯ ಟ್ಯೂಬುಗಳೂ ಅಗ್ಗದ ಎಲ್‌ಇಡಿಗಳೂ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರನ್ನು 1/100 ಅಥವಾ 1/50ಕ್ಕೆ ಇಳಿಸಿದರೆ ಪಟ್ಟಿ ಹೋಗುತ್ತದೆ, ಕುಣಿತ ಮಸುಕಾಗುತ್ತದೆ. ವೇಗ ಬೇಕೇಬೇಕಾದರೆ ಮೆಕ್ಯಾನಿಕಲ್ ಶಟರಿಗೆ ಮರಳಿ. ವೇದಿಕೆಯ ಬಣ್ಣದ ಎಲ್‌ಇಡಿಗಳು ಇನ್ನೂ ಜೋರಾಗಿ ಮಿನುಗುತ್ತವೆ; ಅದಕ್ಕೆ ಕ್ಯಾಮೆರಾದ ಮೆನುವಿನಲ್ಲಿ ಫ್ಲಿಕರ್ ಸ್ಕ್ಯಾನ್ ಹಾಕಿ, ಪಟ್ಟಿ ಮಾಯವಾಗುವ ತನಕ ಶಟರ್ ಸ್ಪೀಡನ್ನು ಸಣ್ಣ ಸಣ್ಣ ಹೆಜ್ಜೆಯಲ್ಲಿ ಹೊಂದಿಸಬೇಕು.

ಚಿಕ್ಕ ಸೆನ್ಸರಿನ ನಿಜವಾದ ಕೋಟೆ ಉದ್ದ ಲೆನ್ಸುಗಳದು. ಅಲ್ಲೇ ಈಗ ಅತಿ ದೊಡ್ಡ ದಾಳಿಯೂ ನಡೆದಿದೆ. ಒಲಿಂಪಸ್ 2016ರಲ್ಲಿ ತಂದ 300 ಎಂಎಂ ಎಫ್/4 ಫುಲ್ ಫ್ರೇಮಿನ 600 ಎಂಎಂ ನೋಟ ಕೊಡುತ್ತದೆ, ಟ್ರೈಪಾಡ್ ಕಾಲಿನ ಸಮೇತ 1475 ಗ್ರಾಂ, ಬಾಯಗಲ 75 ಎಂಎಂ. ಆಗ ಫುಲ್ ಫ್ರೇಮಿನ 600 ಎಂಎಂ ಎಫ್/4 ಅಂದರೆ ಮೂರು ಕಿಲೋ ದಾಟುವ ಲೆನ್ಸು. ವರ್ಷಗಟ್ಟಲೆ ಆ ಅಂತರ ಬಹುಪಾಲು ಹಾಗೇ ಇತ್ತು. 2023ರಲ್ಲಿ ನಿಕಾನ್, ಲೆನ್ಸನ್ನು ಹಗುರ ಮಾಡುವ ಫ್ರೆನೆಲ್ ಗಾಜು ಬಳಸಿ 600 ಎಂಎಂ ಎಫ್/6.3 ಪಿಎಫ್ ತಂದಿತು. ತೂಕ 1470 ಗ್ರಾಂ. ಬಾಯಗಲ 95 ಎಂಎಂ. ತೂಕ ಅಷ್ಟೇ, ಬೆಳಕು 1.6 ಪಟ್ಟು, ಅಂದರೆ ಮೂರನೇ ಎರಡರಷ್ಟು ಸ್ಟಾಪ್ ಹೆಚ್ಚು.

ಇದು ಕಾಡಿನಲ್ಲಿ ಹೇಗೆ ಕಾಣುತ್ತದೆ ನೋಡಿ. ನಾಗರಹೊಳೆಯಲ್ಲಿ ಸಂಜೆ ಸಫಾರಿ ಮುಗಿಯುವ ಹೊತ್ತು, ಮರದ ನೆರಳಿನಲ್ಲಿ ಚಿರತೆ, ಬೆಳಕು ಇವಿ (ಬೆಳಕಿನ ಅಳತೆ) 8ರ ಆಸುಪಾಸು. 1/500ರಲ್ಲಿ ತೆಗೆಯಬೇಕಾದರೆ ಒಲಿಂಪಸ್ಸಿನ ಎಫ್/4ಕ್ಕೆ ಐಎಸ್‌ಒ (ಬಂದ ಬೆಳಕನ್ನು ಕ್ಯಾಮೆರಾ ಹಿಗ್ಗಿಸುವ ಮಟ್ಟ) 3200 ಬೇಕು, ನಿಕಾನ್ನಿನ ಎಫ್/6.3ಕ್ಕೆ 8000. ಅಂಕಿ ಮಾತ್ರ ನೋಡಿದವರು 3200 ವಾಸಿ ಅಂದುಕೊಳ್ಳುತ್ತಾರೆ. ಆದರೆ ಮೈಕ್ರೋ ಫೋರ್ ಥರ್ಡ್ಸಿನ ಸೆನ್ಸರಿನ ವಿಸ್ತೀರ್ಣ 225 ಚದರ ಎಂಎಂ, ಫುಲ್ ಫ್ರೇಮಿನದು 864. ಅಲ್ಲಿನ 3200 ಇಲ್ಲಿನ 12,800ರಷ್ಟೇ ನಾಯ್ಸ್ ತೋರಿಸುತ್ತದೆ. ಬಾಯಗಲದ ಲೆಕ್ಕ ಮೊದಲೇ ಹೇಳಿದ್ದು ಇದನ್ನೇ. ನಾಯ್ಸ್ ತೆಗೆಯುವ ಡಿಎಕ್ಸ್‌ಒ, ಲೈಟ್‌ರೂಮ್ ಡಿನಾಯ್ಸ್ ಸಾಫ್ಟ್‌ವೇರ್ ಬಂದ ಮೇಲೆ ಇದು ಮೊದಲಿನಷ್ಟು ನೋಯಿಸುವುದಿಲ್ಲ, 3200ರ ರಾ ಫೈಲು (ಸೆನ್ಸರಿನಿಂದ ಬಂದ ಕಚ್ಚಾ ಮಾಹಿತಿ) ಚೊಕ್ಕವಾಗಿ ಮುದ್ರಣಕ್ಕೆ ಹೋಗುತ್ತದೆ. ಆದರೆ ಆ ಸಾಫ್ಟ್‌ವೇರ್ ಫುಲ್ ಫ್ರೇಮಿಗೂ ಅಷ್ಟೇ ಕೆಲಸ ಮಾಡುತ್ತದೆ. ಅದನ್ನು ಚಿಕ್ಕ ಸೆನ್ಸರಿನ ಗೆಲುವು ಎಂದು ಬರೆದುಕೊಳ್ಳುವುದು ಸರಿಯಲ್ಲ. ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಅವರ ತಲೆಮಾರು ಬೆಂಗಳೂರಿನಿಂದ ಹೊರಟು ಫಿಲ್ಮಿನಲ್ಲಿ, ಇಂದಿನ ಯಾವ ಸೆನ್ಸರಿಗೂ ಹೋಲಿಸಲಾಗದಷ್ಟು ಕಡಿಮೆ ಐಎಸ್‌ಒದಲ್ಲಿ, ಹಕ್ಕಿಗಳ ಅಷ್ಟು ಚಿತ್ರ ತೆಗೆಯಿತು ಎಂಬುದನ್ನೂ ಇಲ್ಲಿ ನೆನೆಯಬೇಕು. ನಾಯ್ಸ್ ಬಗ್ಗೆ ನಾವು ಪಡುವ ಆತಂಕ ಅಗತ್ಯಕ್ಕಿಂತ ಜಾಸ್ತಿ.

ಹಾಗಾದರೆ ಕೋಟೆ ಬಿತ್ತೇ? ಪೂರ್ತಿ ಇಲ್ಲ. ನಿಕಾನ್ ಲೆನ್ಸ್ ಅಮೆರಿಕದಲ್ಲಿ 4,800 ಡಾಲರಿಗೆ ಬಂದರೆ ಒಲಿಂಪಸ್ ಲೆನ್ಸ್ ಬಂದದ್ದು 2,500ಕ್ಕೆ. ಹಿಂದೆ ಹಾಕುವ ಬಾಡಿಯ ಬೆಲೆಯನ್ನೂ ಕೂಡಿದರೆ ಅಂತರ ಇನ್ನೂ ಹಿಗ್ಗುತ್ತದೆ. ಆದರೆ ಚಿಕ್ಕ ಸೆನ್ಸರ್ ಕಂಪನಿಗಳು ತಮ್ಮ ಬಲವನ್ನು ತಾವೇ ಮರೆತರೆ ಕಷ್ಟ. ಒಎಂ 2024ರಲ್ಲಿ ತಂದ 150-600 ಎಂಎಂ ಲೆನ್ಸ್ ಎರಡು ಕಿಲೋ ದಾಟುತ್ತದೆ. ಸೋನಿಯ 200-600, ನಿಕಾನ್ನಿನ 180-600 ಸಹ ಅದೇ ತೂಕದ ಆಸುಪಾಸಿನವು. ಹೆಚ್ಚಿನ ದೂರ ಸಿಗುತ್ತದೆ, ಒಪ್ಪುತ್ತೇನೆ. ಆದರೂ ಭಾರದಿಂದ ಪಾರಾಗಲು ಈ ವ್ಯವಸ್ಥೆಗೆ ಬಂದವರಿಗೆ ಇದು ಬೇಕಾಗಿರಲಿಲ್ಲ. 2025ರ 50-200 ಎಂಎಂ ಎಫ್/2.8 ಸರಿಯಾದ ದಾರಿ: 1075 ಗ್ರಾಮಿನಲ್ಲಿ ತುದಿಗೆ 71 ಎಂಎಂ ಬಾಯಿ, ಫುಲ್ ಫ್ರೇಮಿನ 400 ಎಂಎಂ ನೋಟ.

ಆದರೆ ಬೆಂಗಳೂರಿನ ಮಟ್ಟಿಗೆ ಈ ವ್ಯವಸ್ಥೆಯ ಅತಿ ಮುಖ್ಯ ಲೆನ್ಸ್ ಇವ್ಯಾವುವೂ ಅಲ್ಲ ಎಂಬುದು ನನ್ನ ಅಭಿಪ್ರಾಯ. ಅದು ಒಲಿಂಪಸ್ಸಿನ 75-300 ಎಂಎಂ ಎಫ್/4.8-6.7. ತೂಕ 423 ಗ್ರಾಂ, ತುದಿಯಲ್ಲಿ ಬಾಯಗಲ 45 ಎಂಎಂ, ನೋಟ 600 ಎಂಎಂ. ಇಷ್ಟು ತೂಕದಲ್ಲಿ ಇಷ್ಟು ದೂರ ಫುಲ್ ಫ್ರೇಮಿನಲ್ಲಿ ಇಲ್ಲ. ಹತ್ತಿರ ಬರುವುದು ಎಪಿಎಸ್-ಸಿ ಬಾಡಿಯ ಮೇಲೆ ಹಾಕಿದ ಕ್ಯಾನನ್ ಆರ್‌ಎಫ್ 100-400 ಎಂಎಂ ಎಫ್/5.6-8: 635 ಗ್ರಾಂ, 50 ಎಂಎಂ ಬಾಯಿ, 640 ಎಂಎಂ ನೋಟ. ಎಫ್/6.7 ಕತ್ತಲು ಎನ್ನುವವರು ನಮ್ಮ ಬಿಸಿಲನ್ನು ಲೆಕ್ಕಕ್ಕೆ ತಂದಿಲ್ಲ. ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಬೆಳಿಗ್ಗೆ ಎಂಟರ ಹೊತ್ತಿಗೆ ಬಿಸಿಲು ಏರಿದ ಮೇಲೆ 1/2000ಕ್ಕೆ ಐಎಸ್‌ಒ 400 ಸಾಕು. ಹೆಬ್ಬಾಳ ಕೆರೆಯ ಹೆಜ್ಜಾರ್ಲೆಗೆ ಅಷ್ಟು ಶಟರೂ ಬೇಡ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೋಡ ಕವಿದ ದಿನಗಳಲ್ಲಿ ಇದು 1600ರಿಂದ 3200ಕ್ಕೆ ಹೋಗುತ್ತದೆ. ಆಗಲೂ ಕೆಲಸ ನಡೆಯುತ್ತದೆ. ಲಾಲ್‌ಬಾಗಿನ ದೊಡ್ಡ ಮರಗಳ ಕೆಳಗೆ ಮಾತ್ರ ನಿಜವಾಗಿ ಒದ್ದಾಡಬೇಕು.

ಈ ಲೆನ್ಸಿನ ಬಗ್ಗೆ ಕೇಳಿಬರುವ ದೂರು "ತುದಿಯಲ್ಲಿ ಮೆತ್ತಗೆ" ಎಂಬುದು. ಸ್ವಲ್ಪ ನಿಜ: 250 ಎಂಎಂ ದಾಟಿದ ಮೇಲೆ ಚೂಪು ಇಳಿಯುತ್ತದೆ. ಎಫ್/8ಕ್ಕೆ ಮುಚ್ಚಿದರೆ ಕೊಂಚ ಸುಧಾರಿಸುತ್ತದೆ. ಅದಕ್ಕಿಂತ ಮುಚ್ಚಿದರೆ 3.3 ಮೈಕ್ರಾನಿನ ಪಿಕ್ಸೆಲುಗಳಲ್ಲಿ ಡಿಫ್ರಾಕ್ಷನ್ (ಸಣ್ಣ ಕಿಂಡಿಯಲ್ಲಿ ಬೆಳಕು ಹರಡುವುದು) ಶುರುವಾಗಿ ಮತ್ತೆ ಇಳಿಯುತ್ತದೆ. ಆದರೆ ಲೆನ್ಸಿನ ತಲೆಗೆ ಕಟ್ಟುವ ಬಹಳಷ್ಟು ದೋಷ ಬೇರೆ ಎರಡು ಕಡೆಯಿಂದ ಬರುತ್ತದೆ. ಒಂದು, ಕೆರೆ ನೀರು ಮತ್ತು ಕಾದ ನೆಲದ ಮೇಲಿನ ಗಾಳಿಯ ನಡುಕ. ಬೇಸಿಗೆಯಲ್ಲಿ ಒಂಬತ್ತರ ನಂತರ ದೂರದ ಹಕ್ಕಿಗೆ ಯಾವ ಲೆನ್ಸೂ ಚೂಪಲ್ಲ. ಪರೀಕ್ಷೆ ಸುಲಭ. ಕದಲದ ಗುರಿಗೆ ಹತ್ತು ಚಿತ್ರ ಒಂದೇ ಬರ್ಸ್ಟಿನಲ್ಲಿ ತೆಗೆಯಿರಿ. ಪ್ರತಿ ಚಿತ್ರದ ಮಸುಕೂ ಬೇರೆ ಬೇರೆ ಆಕಾರದಲ್ಲಿದ್ದರೆ ಗಾಳಿ, ಎಲ್ಲದರಲ್ಲೂ ಒಂದೇ ತರ ಇದ್ದರೆ ಲೆನ್ಸು ಅಥವಾ ಫೋಕಸ್. ಎರಡು, ಶಟರ್ ಶಾಕ್. ಹಗುರ ಬಾಡಿ, ಹಗುರ ಲೆನ್ಸ್, 1/80ರಿಂದ 1/320ರ ನಡುವೆ ಮೆಕ್ಯಾನಿಕಲ್ ಶಟರ್ ಬಡಿದಾಗ ಆ ಅದುರು ಚಿತ್ರಕ್ಕೆ ಇಳಿದು ಅಡ್ಡಗೆರೆಗಳು ಜೋಡಿಯಾಗಿ ಕಾಣುತ್ತವೆ. ಹಳೆಯ ಬಾಡಿಗಳಲ್ಲಿ ಇದು ಜಾಸ್ತಿ. ಮೆನುವಿನಲ್ಲಿ ಆ್ಯಂಟಿ-ಶಾಕ್ ಸೊನ್ನೆ ಸೆಕೆಂಡಿಗೆ ಹಾಕಿದರೆ ಮೊದಲ ಪರದೆ ಎಲೆಕ್ಟ್ರಾನಿಕ್ ಆಗಿ ತೊಂದರೆ ಬಹುಪಾಲು ನಿಲ್ಲುತ್ತದೆ.

ಮ್ಯಾಕ್ರೋ ಇನ್ನೊಂದು ಕೋಟೆ, ಆದರೆ ಜನ ಹೇಳುವ ಕಾರಣಕ್ಕಲ್ಲ. "ಚಿಕ್ಕ ಸೆನ್ಸರಿನಲ್ಲಿ ಡೆಪ್ತ್ ಜಾಸ್ತಿ" ಎಂಬುದು ಬಾಯಗಲ ಕಡಿಮೆ ಇಟ್ಟುಕೊಂಡದ್ದರ ಫಲವಷ್ಟೆ; ಫುಲ್ ಫ್ರೇಮಿನಲ್ಲೂ ಅಷ್ಟೇ ಮುಚ್ಚಿದರೆ ಅಷ್ಟೇ ಡೆಪ್ತ್ ಸಿಗುತ್ತದೆ. ನಿಜವಾದ ಲಾಭ ಗಾತ್ರ ಮತ್ತು ಯಂತ್ರದ ನೆರವು. ಒಲಿಂಪಸ್ 60 ಎಂಎಂ ಎಫ್/2.8 ಮ್ಯಾಕ್ರೋ 185 ಗ್ರಾಂ. ಅದರ 1:1ರಲ್ಲಿ (ವಸ್ತು ಸೆನ್ಸರಿನ ಮೇಲೆ ತನ್ನ ನಿಜ ಗಾತ್ರದಲ್ಲೇ ಬೀಳುವಾಗ) ಚೌಕಟ್ಟಿನ ಅಗಲ 17 ಎಂಎಂ. ಫುಲ್ ಫ್ರೇಮಿನಲ್ಲಿ ಅಷ್ಟು ಹತ್ತಿರ ಹೋಗಲು 2:1 ಬೇಕು. ಅಂಥ ಲೆನ್ಸುಗಳು ಕಡಿಮೆ, ಇದ್ದವೂ ಭಾರ. 1:1ರಲ್ಲಿ ಎಫ್/8 ಹಾಕಿದರೆ ಪರಿಣಾಮದಲ್ಲಿ ಅದು ಎಫ್/16 ಆಗಿ ಚಿತ್ರ ಮೆತ್ತಗಾಗುತ್ತದೆ. ಅದಕ್ಕೆ ಬದಲು ಎಫ್/4 ಅಥವಾ 5.6ರಲ್ಲಿ ಕ್ಯಾಮೆರಾದೊಳಗಿನ ಫೋಕಸ್ ಸ್ಟ್ಯಾಕಿಂಗ್ (ಬೇರೆ ಬೇರೆ ದೂರಕ್ಕೆ ಫೋಕಸ್ ಮಾಡಿದ ಚಿತ್ರಗಳನ್ನು ಒಂದಾಗಿ ಜೋಡಿಸುವುದು) ಬಳಸಿ: ಎಂಟರಿಂದ ಹನ್ನೆರಡು ಚಿತ್ರ, ಫೋಕಸ್ ಅಂತರ 3ರಿಂದ 5. ಸ್ಟ್ಯಾಕ್ ಆದ ಚಿತ್ರದ ಅಂಚು ಸ್ವಲ್ಪ ಕತ್ತರಿಸಿ ಹೋಗುವುದರಿಂದ ಚೌಕಟ್ಟಿನಲ್ಲಿ ಸುತ್ತ ಜಾಗ ಬಿಡಿ. ಅದು ಜೆಪೆಗ್ ಕೊಡುತ್ತದೆ. ಮೂಲ ರಾ ಫೈಲುಗಳನ್ನೂ ಉಳಿಸಿಕೊಳ್ಳಿ, ಕೀಟದ ಮೀಸೆಯ ಸುತ್ತ ಜೋಡಣೆ ತಪ್ಪಿದರೆ ಕಂಪ್ಯೂಟರಿನಲ್ಲಿ ಮತ್ತೆ ಜೋಡಿಸಲು ಬೇಕಾಗುತ್ತವೆ. ನವೆಂಬರಿನಿಂದ ಜನವರಿಯ ಬೆಳಗುಗಳಲ್ಲಿ ತುರಹಳ್ಳಿಯ ಪೊದೆಗಳ ಡ್ರ್ಯಾಗನ್‌ಫ್ಲೈಗಳು ಇಬ್ಬನಿಯಲ್ಲಿ ಚಳಿಗೆ ಮರಗಟ್ಟಿ ಕೂತಿರುತ್ತವೆ. ಬಿಸಿಲು ತಾಗಿ ರೆಕ್ಕೆ ನಡುಗಿಸಲು ಶುರು ಮಾಡಿದವೆಂದರೆ ಸ್ಟ್ಯಾಕಿಂಗಿನ ಹೊತ್ತು ಮುಗಿಯಿತು.

ಇನ್ನು ಸೆನ್ಸರ್ ಚಿತ್ರವನ್ನು ಓದುವ ವೇಗ. ನನ್ನ ಪ್ರಕಾರ ಮುಂದಿನ ಹತ್ತು ವರ್ಷ ತೀರ್ಮಾನವಾಗುವುದು ಇಲ್ಲಿ. ಎಲೆಕ್ಟ್ರಾನಿಕ್ ಶಟರಿನಲ್ಲಿ ಸೆನ್ಸರ್ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಓದುತ್ತ ಹೋಗುತ್ತದೆ. ಅದಕ್ಕೆ ಹಿಡಿಯುವ ಸಮಯದಲ್ಲಿ ಹದ್ದಿನ ರೆಕ್ಕೆ ಅರ್ಧ ಬಡಿದು ಮುಗಿದಿದ್ದರೆ ಚಿತ್ರದಲ್ಲಿ ರೆಕ್ಕೆ ಬಾಗುತ್ತದೆ. ಸ್ಟ್ಯಾಕ್ಡ್ (ಬೇಗ ಓದಲೆಂದು ಪದರಪದರವಾಗಿ ಕಟ್ಟಿದ) ಅಲ್ಲದ ಸೆನ್ಸರಿರುವ ಕ್ಯಾನನ್ ಆರ್7ಗೆ ಸುಮಾರು 30 ಮಿಲಿಸೆಕೆಂಡ್ ಬೇಕು. 2022ರ ಒಎಂ-1ರ ಸ್ಟ್ಯಾಕ್ಡ್ ಸೆನ್ಸರಿಗೆ 8 ಮಿಲಿಸೆಕೆಂಡ್. ನಿಕಾನ್ ಝಡ್8 ಫುಲ್ ಫ್ರೇಮಿನಲ್ಲಿ 4ಕ್ಕೂ ಕಡಿಮೆ. ಸೋನಿ 2023ರಲ್ಲಿ ಎ9 ಮಾರ್ಕ್ 3ರಲ್ಲಿ ಇಡೀ ಸೆನ್ಸರನ್ನು ಒಂದೇ ಗಳಿಗೆಯಲ್ಲಿ ಹಿಡಿಯುವ ಗ್ಲೋಬಲ್ ಶಟರ್ ತಂದಿತು. ನಿಯಮದ ಪ್ರಕಾರ ಸಣ್ಣ ಸೆನ್ಸರೇ ಬೇಗ ಓದಬೇಕು, ಬಿಸಿಯೂ ಕಡಿಮೆ ಆಗಬೇಕು, ತಯಾರಿಸಲೂ ಅಗ್ಗವಾಗಬೇಕು. ಆದರೆ ಸಂಶೋಧನೆಯ ಹಣ ಫುಲ್ ಫ್ರೇಮಿನ ಕಡೆ ಹರಿಯುತ್ತಿರುವುದರಿಂದ ವೇಗ ಅಲ್ಲಿಗೆ ಮೊದಲು ಬಂತು. ಮೈಕ್ರೋ ಫೋರ್ ಥರ್ಡ್ಸಿನ ಮೆಗಾಪಿಕ್ಸೆಲ್ ಏರಿಕೆಯಲ್ಲೂ ಇದೇ ನಿಧಾನ: 2012ರ ಒಲಿಂಪಸ್ ಇ-ಎಂ5ರಲ್ಲಿ 16, 2016ರ ಇ-ಎಂ1 ಮಾರ್ಕ್ 2ರಲ್ಲಿ 20, 2022ರ ಪ್ಯಾನಸಾನಿಕ್ ಜಿಎಚ್6ರಲ್ಲಿ 25. ಫ್ಯೂಜಿ ಇದೇ ಹೊತ್ತಿಗೆ ಎಪಿಎಸ್-ಸಿಯಲ್ಲಿ 40ಕ್ಕೆ ಮುಟ್ಟಿತು.

ಈಗಿರುವ ವೇಗದಿಂದಲೇ ಏನು ಸಾಧ್ಯ ಎಂಬುದಕ್ಕೆ ಒಎಂನ ಪ್ರೊ ಕ್ಯಾಪ್ಚರ್ ಒಳ್ಳೆಯ ಉದಾಹರಣೆ. ಮಿಂಚುಳ್ಳಿ ಕೊಂಬೆಯಿಂದ ಹಾರುವುದನ್ನು ಕಂಡು ಬೆರಳು ಒತ್ತುವಷ್ಟರಲ್ಲಿ ಅದು ನೀರಿನಲ್ಲಿರುತ್ತದೆ. ಶಟರನ್ನು ಅರ್ಧ ಒತ್ತಿ ಹಿಡಿದರೆ ಕ್ಯಾಮೆರಾ ಚಿತ್ರಗಳನ್ನು ಬಫರಿಗೆ ತುಂಬುತ್ತ, ಹಳೆಯದನ್ನು ಬಿಡುತ್ತ ಇರುತ್ತದೆ. ಪೂರ್ತಿ ಒತ್ತಿದಾಗ ಹಿಂದಿನವೂ ರಾ ರೂಪದಲ್ಲೇ ಉಳಿಯುತ್ತವೆ. ಸೆಕೆಂಡಿಗೆ 25 ಚಿತ್ರ, ಹಿಂದಿನ 15 ಚಿತ್ರ ಇಟ್ಟರೆ ಮುಕ್ಕಾಲು ಪಾಲು ಹಾರಾಟಕ್ಕೆ ಸಾಕು. ಸೆಕೆಂಡಿಗೆ 50 ಎಲ್ಲ ಲೆನ್ಸಿನಲ್ಲೂ ಸಿಗುವುದಿಲ್ಲ, ಕೊಳ್ಳುವ ಮೊದಲು ನೋಡಿಕೊಳ್ಳಿ. ಎರಡು ಸೆಕೆಂಡಿಗೆ ಐವತ್ತು ಫೈಲು, ಸುಮಾರು ಒಂದು ಜಿಬಿ. ಕಾರ್ಡು ನಿಧಾನದ್ದಾದರೆ ಬಫರ್ ಖಾಲಿಯಾಗುವ ತನಕ ಎರಡನೇ ಹಾರಾಟ ತಪ್ಪುತ್ತದೆ. ಅರ್ಧ ಒತ್ತಿ ಕಾಯುವುದರಿಂದ ಬ್ಯಾಟರಿ ಬೇಗ ಇಳಿಯುತ್ತದೆ, ಎರಡನೆಯದು ಜೇಬಿನಲ್ಲಿರಲಿ. ಈ ಸೌಲಭ್ಯ ಈಗ ಬೇರೆ ಕಂಪನಿಗಳಿಗೂ ಬಂದಿದೆ. ಝಡ್8ರಲ್ಲಿ ಜೆಪೆಗ್ ಆಗಿ ಬಂದಿತು, ಎ9 ಮಾರ್ಕ್ 3ರಲ್ಲಿ ರಾ ಆಗಿಯೂ. ಲೈವ್ ಎನ್‌ಡಿ (ಬೆಳಕು ತಗ್ಗಿಸುವ ಕಪ್ಪು ಫಿಲ್ಟರಿನ ಕೆಲಸವನ್ನು ಕ್ಯಾಮೆರಾದಲ್ಲೇ ಮಾಡುವುದು), ಹಲವು ಚಿತ್ರ ಜೋಡಿಸಿ ಕೈಯಲ್ಲೇ ಹಿಡಿದು ತೆಗೆಯುವ 50 ಮೆಗಾಪಿಕ್ಸೆಲ್ ಹೈ-ರೆಸ್ ಇಂಥವುಗಳಲ್ಲಿ ಒಎಂ ಇನ್ನೂ ಮುಂದಿದೆ. ಓದುವ ಸಮಯ ಇನ್ನರ್ಧಕ್ಕೆ ಇಳಿದರೆ ಇವೆಲ್ಲ ಚಲಿಸುವ ವಸ್ತುವಿಗೂ ಕೆಲಸ ಮಾಡಲು ಶುರುವಾಗುತ್ತವೆ. ಮುಂದಿನ ಬಾಡಿಯಲ್ಲಿ ಮೆಗಾಪಿಕ್ಸೆಲ್ ಏರಿ, ವೇಗ ನಿಂತಲ್ಲೇ ನಿಂತರೆ ಅದು ಕೆಟ್ಟ ಸೂಚನೆ ಎಂದೇ ನಾನು ಓದುತ್ತೇನೆ.

ಎಪಿಎಸ್-ಸಿಯ ಸ್ಥಿತಿ ಬೇರೆ. ಅದರ ಸೆನ್ಸರಿಗೆ ಅಪಾಯವಿಲ್ಲ. ಸೋನಿ, ಕ್ಯಾನನ್, ನಿಕಾನ್ ಮೂವರಿಗೂ ಅದು ಕಡಿಮೆ ಬೆಲೆಯ ಬಾಗಿಲು. ಮೌಂಟ್ ಒಂದೇ ಆದ್ದರಿಂದ ನಾಳೆ ಫುಲ್ ಫ್ರೇಮಿಗೆ ಏರಬಹುದು. ತೊಂದರೆ ಇರುವುದು ಅಲ್ಲೇ: ಏರಿಸುವುದೇ ಉದ್ದೇಶವಾದ್ದರಿಂದ ಎಪಿಎಸ್-ಸಿಗೆಂದೇ ಮಾಡಿದ ಒಳ್ಳೆಯ ಲೆನ್ಸುಗಳನ್ನು ಅವರು ಜಿಪುಣತನದಿಂದ ಕೊಟ್ಟರು. ಆ ಜಾಗ ತುಂಬಿದ್ದು ಸಿಗ್ಮಾ. 290 ಗ್ರಾಮಿನ 18-50 ಎಂಎಂ ಎಫ್/2.8, 16, 30, 56ರ ಎಫ್/1.4 ಲೆನ್ಸುಗಳು, 2025ರ 17-40 ಎಂಎಂ ಎಫ್/1.8. 2024ರ ಏಪ್ರಿಲಿನಲ್ಲಿ ಕ್ಯಾನನ್ ತನ್ನ ಆರ್‌ಎಫ್ ಮೌಂಟಿನ ಎಪಿಎಸ್-ಸಿ ಬಾಗಿಲನ್ನು ಸಿಗ್ಮಾ ಮತ್ತು ಟ್ಯಾಮ್ರಾನಿಗೆ ತೆರೆದದ್ದು ಈ ವರ್ಗದ ಪಾಲಿಗೆ ಯಾವ ಹೊಸ ಬಾಡಿಗಿಂತ ದೊಡ್ಡ ಸುದ್ದಿ. ಫ್ಯೂಜಿಗೆ ಮಾತ್ರ ಫುಲ್ ಫ್ರೇಮ್ ಇಲ್ಲ, ಮೇಲೆ ಮೀಡಿಯಂ ಫಾರ್ಮ್ಯಾಟ್ (ಫುಲ್ ಫ್ರೇಮಿಗಿಂತ ದೊಡ್ಡ ಸೆನ್ಸರ್) ಇದೆ. ಹಾಗಾಗಿ ಅಲ್ಲಿ ಎಪಿಎಸ್-ಸಿಯೇ ತಲುಪುವ ಊರು, ಲೆನ್ಸುಗಳೂ ಆ ಶ್ರದ್ಧೆಯಲ್ಲಿ ಬಂದಿವೆ. ಜೇಬಿನಲ್ಲಿ ಕೂರುವ 257 ಗ್ರಾಮಿನ ರಿಕೋ ಜಿಆರ್ 3 ಮತ್ತು 2024ರ ಫ್ಯೂಜಿ ಎಕ್ಸ್100-6ಕ್ಕೆ ಬಂದ ಬೇಡಿಕೆ ನೋಡಿದರೆ ಚಿಕ್ಕದರ ಆಸೆ ಜನರಲ್ಲಿ ಸತ್ತಿಲ್ಲ.

ಒಟ್ಟು ಮಾರುಕಟ್ಟೆ ಮಾತ್ರ ಬಹಳ ಕುಗ್ಗಿದೆ. ಜಪಾನಿನ ತಯಾರಕರ ಸಂಘದ ಅಂಕಿಗಳಲ್ಲಿ 2010ರ ಡಿಜಿಟಲ್ ಕ್ಯಾಮೆರಾ ರವಾನೆ 12 ಕೋಟಿ ದಾಟಿತ್ತು. 2023ರಲ್ಲಿ 80 ಲಕ್ಷಕ್ಕೂ ಕಡಿಮೆ. ಇಷ್ಟು ಸಣ್ಣ ಸಂತೆಯಲ್ಲಿ ಮೈಕ್ರೋ ಫೋರ್ ಥರ್ಡ್ಸ್ ಅಳತೆಯ ಸೆನ್ಸರನ್ನು ಯಾರು ಕೊಳ್ಳುತ್ತಾರೆ ಎಂಬುದೇ ಮುಖ್ಯ ಪ್ರಶ್ನೆ. ಒಎಂ ಮತ್ತು ಪ್ಯಾನಸಾನಿಕ್ ಅಲ್ಲದೆ ಡಿಜೆಐ ತನ್ನ ಮ್ಯಾವಿಕ್ 3 ಡ್ರೋನಿನಲ್ಲಿ 4/3 ಸೆನ್ಸರ್ ಹಾಕಿತು, ಬ್ಲ್ಯಾಕ್‌ಮ್ಯಾಜಿಕ್ ತನ್ನ ಪಾಕೆಟ್ 4ಕೆ ವಿಡಿಯೋ ಕ್ಯಾಮೆರಾಕ್ಕೆ ಇದೇ ಮೌಂಟ್ ಆರಿಸಿತು. ಫೋಟೋ ಜನ ಗಮನಿಸದ ಈ ಡ್ರೋನ್ ಮತ್ತು ವಿಡಿಯೋ ಬೇಡಿಕೆ ಆ ಸೆನ್ಸರ್ ಸಾಲನ್ನು ಜೀವಂತ ಇಡುವುದರಲ್ಲಿ ದೊಡ್ಡ ಪಾಲು ಹೊಂದಿದೆ ಎಂದು ನನಗನ್ನಿಸುತ್ತದೆ. ಹೊಸ ಡ್ರೋನುಗಳ ಸೆನ್ಸರ್ ಅಳತೆ ಯಾವ ಕಡೆ ಹೋಗುತ್ತಿದೆ ಎಂದು ನೋಡುತ್ತಿರುವುದು ಒಳ್ಳೆಯದು.

ಬೆಂಗಳೂರಿನಲ್ಲಿ ಈ ಅನುಮಾನದ ಫಲವಾಗಿ ಸೆಕೆಂಡ್ ಹ್ಯಾಂಡ್ ಮೈಕ್ರೋ ಫೋರ್ ಥರ್ಡ್ಸ್ ಸಾಮಾನು ಒಳ್ಳೆಯ ಬೆಲೆಗೆ ಸಿಗುತ್ತದೆ. ನೋಡಿ ಕೊಳ್ಳಬೇಕು. ಲೆನ್ಸನ್ನು ಬಾಡಿಯಿಂದ ಬಿಚ್ಚಿ ಹಿಂದಿನಿಂದ ಮೊಬೈಲ್ ಟಾರ್ಚ್ ಹಾಯಿಸಿ ಮುಂದಿನಿಂದ ಓರೆಯಾಗಿ ನೋಡಿ. ಧೂಳಿನ ಕಣಗಳಿಂದ ತೊಂದರೆಯಿಲ್ಲ. ಜೇಡನ ಎಳೆಯಂಥ ಕವಲುಗಳು ಕಂಡರೆ ಫಂಗಸ್, ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಗುಳ್ಳೆ ಕಂಡರೆ ಗಾಜಿನ ಅಂಟು ಬಿಟ್ಟಿದೆ, ಎರಡೂ ಬೇಡ. ಎಫ್/16ರಲ್ಲಿ ಬಿಳಿ ಗೋಡೆಯ ಒಂದು ಚಿತ್ರ, ಕ್ಯಾಪ್ ಮುಚ್ಚಿ ಐಎಸ್‌ಒ 1600ರಲ್ಲಿ ಹತ್ತು ಸೆಕೆಂಡಿನ ಇನ್ನೊಂದು ಚಿತ್ರ ತೆಗೆಯಿರಿ. ಮೊದಲನೆಯದರಲ್ಲಿ ಸೆನ್ಸರಿನ ಕೊಳೆ ಕಾಣುತ್ತದೆ, ಎರಡನೆಯದರಲ್ಲಿ ಉರಿವ ಪಿಕ್ಸೆಲುಗಳು. ಎರಡನೆಯದು ಮೆನುವಿನ ಪಿಕ್ಸೆಲ್ ಮ್ಯಾಪಿಂಗಿನಲ್ಲಿ ಹೋಗಬೇಕು. ಆಫ್ ಮಾಡಿದ ಬಾಡಿ ಅಲುಗಿಸಿದರೆ ಒಳಗೆ ಲಟಲಟ ಸದ್ದು ಬರುವುದು ಸಹಜ, ಸ್ಟೆಬಿಲೈಸೇಷನ್ ಇರುವ ಸೆನ್ಸರ್ ಹಾಗೇ ತೂಗಾಡುತ್ತದೆ. ಆನ್ ಮಾಡಿ, 150 ಎಂಎಂನಲ್ಲಿ 1/15ಕ್ಕೆ ಹತ್ತು ಚಿತ್ರ ತೆಗೆಯಿರಿ. ಆರೇಳು ಚೂಪಾಗಿ ಬರದಿದ್ದರೆ ಸ್ಟೆಬಿಲೈಸೇಷನ್ ಸರಿಯಿಲ್ಲ. ಟ್ರೈಪಾಡ್ ತಿರುಪಿನ ಸುತ್ತ ಪ್ಲಾಸ್ಟಿಕ್ ಸೀಳಿದೆಯೇ ಎಂದು ಉಗುರಿನಲ್ಲಿ ಸವರಿ ನೋಡಿ.

ಕೊಂಡ ಮೇಲೆ ಮಳೆಗಾಲ ಇದ್ದೇ ಇದೆ. ಡ್ರೈ ಕ್ಯಾಬಿನೆಟ್ ಬೇಡವೆಂದರೆ ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿ, ಕಾಲು ಕಿಲೋ ಕಿತ್ತಳೆ ಸಿಲಿಕಾ ಜೆಲ್, ಒಂದು ತೇವಮಾಪಕ. ಮುಳ್ಳು 40ರಿಂದ 50ರ ನಡುವೆ ಇರಲಿ. ಜೆಲ್ ಹಸಿರಾದರೆ ಸಣ್ಣ ಉರಿಯ ಬಾಣಲೆಯಲ್ಲಿ ಬಣ್ಣ ಮರಳುವ ತನಕ ಕಾಯಿಸಿ, ಆರಿಸಿ, ಮತ್ತೆ ಹಾಕಿ. ಚರ್ಮದ ಕೇಸನ್ನು ಡಬ್ಬಿಯೊಳಗೆ ಇಡಬೇಡಿ, ಫಂಗಸ್ಸಿಗೆ ಅದೇ ಆಹಾರ.

ಹೊಸದನ್ನೇ ಕೊಳ್ಳುವವರು ಬಿಲ್ಲು ಹಾಕಿಸುವ ಮೊದಲು ಅಂಗಡಿಯಲ್ಲಿ ಮೂರು ವಿಷಯ ಬರೆಸಿಕೊಳ್ಳಬೇಕು: ರಿಪೇರಿಗೆ ಬಾಡಿ ಬೆಂಗಳೂರಿನಲ್ಲೇ ಬಿಚ್ಚುತ್ತಾರೋ ಬೇರೆ ಊರಿಗೋ ದೇಶಕ್ಕೋ ಹೋಗುತ್ತದೋ, ಆ ಸಾಗಣೆಯ ಖರ್ಚು ಯಾರದು, ಬ್ಯಾಟರಿ ಇಲ್ಲೇ ಸ್ಟಾಕಿದೆಯೇ. ಉತ್ತರ ತಡವರಿಸಿದರೆ ಅದೇ ದುಡ್ಡಿಗೆ ಕ್ಯಾನನ್ ಆರ್10 ಮತ್ತು 100-400 ತೆಗೆದುಕೊಳ್ಳಿ. ಸ್ಪಷ್ಟ ಉತ್ತರ ಸಿಕ್ಕರೆ, ಕೆರೆ ಮತ್ತು ಹುಲ್ಲುಗಾವಲೇ ನಿಮ್ಮ ಓಡಾಟವಾಗಿದ್ದರೆ, ಹಳೆಯ ಮಾದರಿಯ 20 ಮೆಗಾಪಿಕ್ಸೆಲ್ ಬಾಡಿಯೊಂದರ ಜೊತೆ ಆ 423 ಗ್ರಾಮಿನ 75-300ರಿಂದ ಶುರು ಮಾಡಿ, ಮ್ಯಾಕ್ರೋ ಲೆನ್ಸನ್ನು ಮುಂದಿನ ಚಳಿಗಾಲಕ್ಕೆ ಇಟ್ಟುಕೊಳ್ಳಿ.